ಬ್ರಹ್ಮಗಿರಿಯ ಮಣ್ಣಿನ ಪದರಗಳು ಮತ್ತು ನೀರಿನ ಕೊರೆತ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಅಶೋಕನ ಶಾಸನದಿಂದ, ಅದರಲ್ಲಿ ಬರುವ ‘ಇಸಿಲ’ ಎಂಬ ಸ್ಥಳನಾಮದಿಂದ. ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಆ ಬರಹದಷ್ಟೇ ಮಹತ್ವದ ಇನ್ನೊಂದು ದಾಖಲೆ ಅದೇ ಬೆಟ್ಟದ ಬುಡದ ಮಣ್ಣಿನಲ್ಲಿದೆ. ಡಾ. ಎಂ. ಎಚ್. ಕೃಷ್ಣ ಅವರ ಅಗೆತದ ನಂತರ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿನ ಪದರಗಳನ್ನು ಕ್ರಮಬದ್ಧವಾಗಿ ಗುರುತಿಸಿದರು. ತಳದಲ್ಲಿ ಕಲ್ಲುಕೊಡಲಿಯ ಸಂಸ್ಕೃತಿ, ಅದರ ಮೇಲೆ ಬೃಹತ್ ಶಿಲಾ ಸಂಸ್ಕೃತಿ, ಅದರ ಮೇಲೆ ವೀಲರ್ ‘ಆಂಧ್ರ’ ಎಂದು ಕರೆದ ಸಾತವಾಹನ ಕಾಲದ ನೆಲೆ.

ವೀಲರ್ ಪದ್ಧತಿಯಲ್ಲಿ ಚೌಕಗಳ ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗೋಡೆಯೇ ಮುಖ್ಯ ಸಾಕ್ಷಿ. ಅದರ ಮುಖವನ್ನು ಕರಣೆಯಿಂದ ನೇರವಾಗಿ ಕೆರೆದು, ಬಣ್ಣ, ಗಡಸುತನ, ಬೂದಿ, ಹರಳುಗಳನ್ನು ನೋಡಿ ಪದರಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ ಸಿಕ್ಕಿಸುತ್ತಾರೆ. ಸಮಮಟ್ಟದಲ್ಲಿ ಕಟ್ಟಿದ ದಾರದಿಂದ ಮೇಲಕ್ಕೂ ಕೆಳಕ್ಕೂ ಅಳೆದು ಛೇದಚಿತ್ರ ಬರೆಯುತ್ತಾರೆ. ದೊರೆತ ಮಡಕೆಚೂರಿನ ಪೊಟ್ಟಣಕ್ಕೂ ಅದೇ ಸಂಖ್ಯೆ. ಅಗೆದ ಮಣ್ಣನ್ನು ಮತ್ತೆ ಅಗೆಯಲಾಗದು. ಆದುದರಿಂದ ಚಿತ್ರದಲ್ಲಿ ಬಿಟ್ಟುಹೋದದ್ದು ಶಾಶ್ವತವಾಗಿ ಹೋದಂತೆಯೇ.

ಬೆಟ್ಟದ ಇಳಿಜಾರಿನ ನೆಲೆಗಳಲ್ಲಿ ಈ ಓದನ್ನು ಕೆಡಿಸುವುದು ನೀರು. ಮಳೆನೀರು ಮೊದಲು ಕೊಚ್ಚುವುದು ಮೇಲಿನ, ಅಂದರೆ ಇತ್ತೀಚಿನ ಮಣ್ಣನ್ನು. ಅದು ಇಳಿಜಾರಿನ ಕೆಳಗೆ ಮೊದಲು ತಂಗುತ್ತದೆ. ಕೊರಕಲು ಆಳವಾದಂತೆ ಹಳೆಯ ಮಣ್ಣು ಬಂದು ಅದರ ಮೇಲೆ ಕೂರುತ್ತದೆ. ಹೀಗೆ ಕಾಲಕ್ರಮವೇ ತಲೆಕೆಳಗಾಗುತ್ತದೆ! ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತವೆಂದರೆ ಹಳೆಯ ಪಠ್ಯದಲ್ಲಿ ಸೇರಿದ ಹೊಸ ಪದ್ಯ. ಇಲ್ಲಿ ಹೊಸ ಪದರದಲ್ಲಿ ಹಳೆಯ ಚೂರು ಸೇರುವುದೂ ಉಂಟು. ತೆಳುವಾದ ಮರಳು, ಮೆಕ್ಕಲುಗಳ ಗೆರೆಗಳು, ಅಂಚು ಸವೆದ ಚೂರುಗಳು, ಒಂದೇ ದಿಕ್ಕಿಗೆ ಒರಗಿದ ಹರಳುಗಳು ಇಂಥ ಮಣ್ಣಿನ ಗುರುತುಗಳು. ಕೊರಕಲಿನೊಳಗೆ ತುಂಬಿದ ಮಣ್ಣಿಗೆ ಪ್ರತ್ಯೇಕ ಸಂಖ್ಯೆ ಕೊಡಬೇಕು. ಇಲ್ಲವಾದರೆ ಅದರ ಚೂರುಗಳು ಪಕ್ಕದ ಪದರದ ಲೆಕ್ಕಕ್ಕೆ ಸೇರಿಬಿಡುತ್ತವೆ. 1973ರಲ್ಲಿ ತಮ್ಮ ನಕ್ಷಾಕ್ರಮವನ್ನು ರೂಪಿಸಿದ ಎಡ್ವರ್ಡ್ ಹ್ಯಾರಿಸ್ ಇನ್ನೂ ಮುಂದೆ ಹೋಗಿ, ಕೊರೆತ ಉಳಿಸಿದ ಮೇಲ್ಮೈಯನ್ನೂ ಸ್ವತಂತ್ರ ಘಟಕವೆಂದು ಎಣಿಸಿದರು. ಮಣ್ಣಿಲ್ಲದಿರುವುದೂ ಒಂದು ಘಟನೆಯೇ. ಪದರದ ದಪ್ಪದಿಂದ ವರ್ಷಗಳನ್ನು ಎಣಿಸುವುದು ಅಪಾಯಕರವಾಗಿರುವುದು ಇದರಿಂದಲೇ: ಒಂದು ರಾತ್ರಿಯ ಮಳೆ ಗೇಣುದ್ದ ಮಣ್ಣನ್ನು ಹೇರಬಲ್ಲದು, ನೂರು ವರ್ಷಗಳ ನೆಲವನ್ನು ಒಯ್ಯಲೂ ಬಲ್ಲದು.

ಬ್ರಹ್ಮಗಿರಿಯ ಕಾಲನಿರ್ಣಯಕ್ಕೆ ವೀಲರ್ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ತಾವೇ ಅಗೆದು ಕಂಡಿದ್ದ ಚಕ್ರಾಂಕಿತ ಮಡಕೆಗಳನ್ನೂ ಚಂದ್ರವಳ್ಳಿಯ ರೋಮನ್ ನಾಣ್ಯಗಳನ್ನೂ ಆಧರಿಸಿದರು. ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇಟ್ಟರು. ಆದರೆ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ನಡೆಸಿದ ಉತ್ಖನನದ ಇಂಗಾಲ ಕಾಲಮಾಪನವು ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ವೀಲರ್ ಕೊಟ್ಟ ವರ್ಷಗಳು ನಿಲ್ಲಲಿಲ್ಲ. ಮೂರು ಸಂಸ್ಕೃತಿಗಳ ಅನುಕ್ರಮ ನಿಂತಿತು. ಆ ಅನುಕ್ರಮಕ್ಕೆ ಹೊಸ ವರ್ಷಗಳನ್ನು ಕೂಡಿಸಲು ನಂತರದ ವಿದ್ವಾಂಸರಿಗೆ ಸಾಧ್ಯವಾದದ್ದು ‘ಏನ್ಷಿಯಂಟ್ ಇಂಡಿಯಾ’ದ ನಾಲ್ಕನೆಯ ಸಂಚಿಕೆಯಲ್ಲಿ ಅಚ್ಚಾದ ಛೇದಚಿತ್ರಗಳಿಂದ.