ಕಡತದ ಒಡೆತನ ಮತ್ತು ಗುಂಪಿನ ಅನುಮತಿ: ವರ್ತಕರು ತಿಳಿದಿರಬೇಕಾದ ಅಂಶಗಳು

ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಪ್ರತಿಯೊಬ್ಬ ವರ್ತಕನೂ ಯೋಚಿಸಿಯೇ ನಿರ್ಧರಿಸುತ್ತಾನೆ. ಆದರೆ ಲೆಕ್ಕಪತ್ರಗಳಿರುವ ಗಣಕಯಂತ್ರವನ್ನು ಎಲ್ಲ ಸಿಬ್ಬಂದಿಯೂ ಒಂದೇ ಪಾಸ್‌ವರ್ಡ್‌ನಿಂದ ಬಳಸುವ ರೂಢಿ ಅನೇಕ ಸಣ್ಣ ಉದ್ಯಮಗಳಲ್ಲಿದೆ. ಅಲ್ಲಿ ಕಡತವೊಂದು ಅಳಿಸಿಹೋದರೆ ಹೊಣೆಗಾರರು ಯಾರೆಂದು ತಿಳಿಯುವುದಿಲ್ಲ. ನಿರಪರಾಧಿಯೂ ಸಂಶಯಕ್ಕೆ ಗುರಿಯಾಗುತ್ತಾನೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ ಹಾಗೂ ಒಂದು ಗುಂಪು ಇರುತ್ತದೆ, ಮಿಕ್ಕವರೆಲ್ಲ ಇತರರು. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಚಲಾಯಿಸುವ ಹಕ್ಕಿಗೆ 1 ಎಂಬ ಅಂಕಗಳಿವೆ. 640 ಎಂದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಪ್ರವೇಶವಿಲ್ಲ. ಫೋಲ್ಡರಿಗೆ 2770 ಎಂದು ನಿಗದಿಪಡಿಸಿದರೆ ಅದರಲ್ಲಿ ಸೃಷ್ಟಿಯಾಗುವ ಹೊಸ ಕಡತಗಳಿಗೆ ಆ ಫೋಲ್ಡರಿನ ಗುಂಪೇ ಅನ್ವಯಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಡತವನ್ನು ಅಳಿಸುವ ಹಕ್ಕು ಕಡತದ ಅನುಮತಿಯಿಂದಲ್ಲ, ಫೋಲ್ಡರಿನ ಅನುಮತಿಯಿಂದ ಬರುತ್ತದೆ. ಓದಲು ಮಾತ್ರ ಅವಕಾಶವಿರುವ ಕಡತವನ್ನೂ ಫೋಲ್ಡರಿನಲ್ಲಿ ಬರೆಯುವ ಹಕ್ಕುಳ್ಳವನು ಅಳಿಸಬಲ್ಲನು. ಆದ್ದರಿಂದ ಮುಗಿದ ವರ್ಷಗಳ ಲೆಕ್ಕಗಳನ್ನು ಗುಂಪಿಗೆ ಬರೆಯುವ ಹಕ್ಕಿಲ್ಲದ ಪ್ರತ್ಯೇಕ ಫೋಲ್ಡರಿನಲ್ಲಿ ಇಡತಕ್ಕದ್ದು. ವಿಂಡೋಸ್‌ನಲ್ಲಿ ಜಾಲದ ಮೂಲಕ ಬರುವವರಿಗೆ ಹಂಚಿಕೆಯ ಅನುಮತಿ ಮತ್ತು ಕಡತದ ಅನುಮತಿ ಎರಡೂ ಅನ್ವಯಿಸುತ್ತವೆ. ಹೆಚ್ಚು ಬಿಗಿಯಾದುದೇ ಜಾರಿಯಲ್ಲಿರುತ್ತದೆ.

ಹಕ್ಕುಗಳನ್ನು ವ್ಯಕ್ತಿಗಳಿಗಲ್ಲದೆ ಮಾರಾಟ, ದಾಸ್ತಾನು, ಲೆಕ್ಕಪತ್ರ ಎಂಬ ಗುಂಪುಗಳಿಗೆ ನೀಡುವುದು ಲೇಸು. ನೌಕರನು ಬೇರೆ ವಿಭಾಗಕ್ಕೆ ಹೋದಾಗ ಗುಂಪು ಬದಲಿಸಿದರೆ ಸಾಕು. ಕೆಲಸ ಬಿಟ್ಟವನ ಖಾತೆಯನ್ನು ಕೂಡಲೇ ಸ್ಥಗಿತಗೊಳಿಸಿ, ಕಡತಗಳ ಒಡೆತನವನ್ನು ವರ್ಗಾಯಿಸಬೇಕು. ಲಿನಕ್ಸ್‌ನಲ್ಲಿ ಒಡೆತನ ದಾಖಲಾಗುವುದು ಬಳಕೆದಾರನ ಸಂಖ್ಯೆಯಿಂದ. ಅದೇ ಸಂಖ್ಯೆ ಹೊಸಬನಿಗೆ ದೊರೆತರೆ ಹಳೆಯ ಕಡತಗಳಿಗೂ ಅವನೇ ಒಡೆಯನಾಗುತ್ತಾನೆ.

ಕಾನೂನಿನ ದೃಷ್ಟಿಯಿಂದಲೂ ಇದು ಮಹತ್ವದ್ದು. ವಿದ್ಯುನ್ಮಾನ ಲೆಕ್ಕಗಳಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಇರಬೇಕೆಂದು ಕೇಂದ್ರ ಜಿಎಸ್‌ಟಿ ನಿಯಮ 56 ವಿಧಿಸುತ್ತದೆ. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಇಂತಹ ಜಾಡು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಈ ದಾಖಲೆಯನ್ನು ಬರೆಯುವುದು ಲೆಕ್ಕ ತಂತ್ರಾಂಶವೇ ಹೊರತು ಕಡತದ ಅನುಮತಿಯಲ್ಲ. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಪ್ರವೇಶಿಸಿದರೆ ಆ ದಾಖಲೆಯಲ್ಲಿಯೂ ಒಂದೇ ಹೆಸರಿರುತ್ತದೆ.

ಆದ್ದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು ಮತ್ತು ಪಾಸ್‌ವರ್ಡ್ ನೀಡುವುದೇ ಮೊದಲ ಹೆಜ್ಜೆ. ವರ್ಷಾಂತ್ಯದ ದಾಸ್ತಾನು ಪರಿಶೀಲನೆಯೊಡನೆ ಗುಂಪುಗಳ ಪಟ್ಟಿಯನ್ನೂ ಮಾಲೀಕರು ಸ್ವತಃ ಪರಿಶೀಲಿಸುವುದು ಸೂಕ್ತ.