ನೋಯುವ ಕೈಗೆ ಕಾಯುವ ಗಿಡ

ಚಿ. ಕುಮಾರಿ,

ನೀನು ಕಳುಹಿಸಿದ ದಾಳಿಂಬೆ ಹೂವಿನ ಚಿತ್ರವೂ ಅದರೊಡನಿದ್ದ ಕಾಗದವೂ ತಲುಪಿದವು. ಬೆಳಗಿನ ಹೊತ್ತು ಬೆರಳುಗಳು ಬಿಗಿದು ಮಡಿಯಲೊಲ್ಲವೆಂದೂ, ವೈದ್ಯರು ಇದನ್ನು ಆಮವಾತವೆಂದು ನಿರ್ಣಯಿಸಿರುವರೆಂದೂ, ಗುಳಿಗೆ ನುಂಗಿದರೆ ತಲೆ ಮಂದವಾಗುವುದೆಂದು ಕೆಲವು ಕಾಲದಿಂದ ಅದನ್ನು ಬಿಟ್ಟಿರುವೆಯೆಂದೂ ಬರೆದು, ಇಂಥ ಕೈಯಿಂದ ಸಸ್ಯಚಿತ್ರದಂತಹ ಸೂಕ್ಷ್ಮಕಾರ್ಯವನ್ನು ಮುಂದುವರಿಸುವುದು ವಿವೇಕವೇ ಎಂದು ಕೇಳಿರುವೆ. ಉತ್ತರವನ್ನು ನಿನಗೊಬ್ಬಳಿಗೇ ಬರೆಯದೆ ಹೀಗೆ ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಓದಿ, ಮನೆಯ ಮೂಲೆಯಲ್ಲಿ ಕುಳಿತು ಚಿತ್ರ ಬರೆಯುವ ಮಕ್ಕಳು ಇನ್ನೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಚಿತ್ರದ ಮಾತು. ಹೂವಿನ ಹೊರಗಿನ ತೊಗಲಿನಷ್ಟು ದಪ್ಪನಾದ ಕೆಂಪು ಪುಷ್ಪಪಾತ್ರೆಯನ್ನೂ, ಮೊಗ್ಗಿನೊಳಗೆ ಮುದುಡಿಕೊಂಡಿದ್ದು ಅರಳಿದ ಮೇಲೂ ಸುಕ್ಕನ್ನು ಬಿಡದ ದಳಗಳನ್ನೂ ನೀನು ಬಹು ಸಹನೆಯಿಂದ ಬರೆದಿರುವೆ. ಆದರೆ ಒಳಗಿನ ಕೇಸರಗಳಿಗೆ ಬರುವಷ್ಟರಲ್ಲಿ ಗೆರೆ ಓಡಿದೆ. ಕೈ ಎಲ್ಲಿ ನೋಯತೊಡಗಿತೆಂಬುದನ್ನು ಚಿತ್ರವೇ ಹೇಳಿಬಿಟ್ಟಿದೆ. ಇದು ದೋಷವೇನೋ ಹೌದು, ಆದರೆ ಕುಶಲತೆಯ ದೋಷವಲ್ಲ, ವ್ಯವಸ್ಥೆಯ ದೋಷ. ಅದನ್ನು ತಿದ್ದಬಹುದು.

ಫ್ರಾನ್ಸಿನ ರೆನ್ವಾರ್ ಎಂಬ ಚಿತ್ರಕಾರನ ಹೆಸರನ್ನು ನೀನು ಕೇಳಿರಬಹುದು. 1841ರಲ್ಲಿ ಹುಟ್ಟಿದ ಈತನು ಎಳವೆಯಲ್ಲಿ ಪಿಂಗಾಣಿ ಪಾತ್ರೆಗಳ ಮೇಲೆ ಹೂ ಬರೆದು ಹೊಟ್ಟೆ ಹೊರೆದವನು. ಐವತ್ತರ ಆಸುಪಾಸಿನಲ್ಲಿ ನಿನ್ನದೇ ವ್ಯಾಧಿ ಅವನನ್ನು ಹಿಡಿಯಿತು. 1907ರಲ್ಲಿ, ಕಡಿದುಹಾಕಲಿದ್ದ ಹಳೆಯ ಆಲಿವ್ ಮರಗಳನ್ನು ಉಳಿಸುವುದಕ್ಕೆಂದು ದಕ್ಷಿಣದ ಕಾನ್ಯ ಎಂಬಲ್ಲಿ ತೋಟವೊಂದನ್ನು ಕೊಂಡು, ಗಾಲಿಕುರ್ಚಿಗೆ ಸೇರಿದ ಮೇಲೂ 1919ರಲ್ಲಿ ಸಾಯುವವರೆಗೂ ಮರಗಳನ್ನೂ ಗುಲಾಬಿಗಳನ್ನೂ ಬರೆಯುತ್ತಲೇ ಇದ್ದನು. ಕುಂಚವನ್ನು ಅವನ ಕೈಗೆ ಕಟ್ಟುತ್ತಿದ್ದರೆಂಬ ಕಥೆ ಲೋಕಪ್ರಿಯವಾಗಿದೆಯಾದರೂ ನಿಜವಲ್ಲ. ಮಡಿಚಿಕೊಂಡ ಬೆರಳುಗಳು ಅಂಗೈಯ ಚರ್ಮವನ್ನು ಕೊರೆಯದಿರಲೆಂದು ಬಟ್ಟೆ ಸುತ್ತುತ್ತಿದ್ದರು, ಕುಂಚವನ್ನು ಬೆರಳುಗಳ ನಡುವೆ ಇಡುತ್ತಿದ್ದರು, ಅಷ್ಟೆ. ನಾನು ಮೆಚ್ಚುವುದು ಅವನ ಸಹನೆಗಿಂತ ಹೆಚ್ಚಾಗಿ ಅವನ ಉಪಾಯಗಳನ್ನು. ಕೈ ಎಟುಕದ ದೊಡ್ಡ ಚಿತ್ರಗಳಿಗಾಗಿ ಕ್ಯಾನ್‌ವಾಸನ್ನು ಉರುಳೆಗಳಿಗೆ ಸುತ್ತಿಸಿ, ಬರೆಯಬೇಕಾದ ಭಾಗವನ್ನೇ ತನ್ನ ಎದುರಿಗೆ ತರಿಸಿಕೊಳ್ಳುತ್ತಿದ್ದನು. ನೋವು ಅವನ ಚಿತ್ರದ ವಿಷಯವಾಗಲಿಲ್ಲ, ವಿಧಾನವಾಯಿತು.

ನೀನೂ ಹಾಗೆಯೇ ಮಾಡು. ಮೇಜಿನ ಮೇಲೆ ಬಾಗಿ ಬರೆಯುವುದನ್ನು ಬಿಟ್ಟು, ಹಲಗೆಯನ್ನು ಓರೆಯಾಗಿ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿಕೋ. ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಗೆ ಮಾಡಿಕೋ. ಬಿಗಿತ ಸಡಿಲಿದ ಮಧ್ಯಾಹ್ನವನ್ನು ಕೇಸರದಂತಹ ನವುರಾದ ಭಾಗಗಳಿಗೆ ಮೀಸಲಿಟ್ಟು, ಬೆಳಗನ್ನು ಬರಿಯ ನೋಡುವುದಕ್ಕೆ ಕೊಡು. ಎಲ್ಲಕ್ಕಿಂತ ಮಿಗಿಲಾಗಿ, ನಿನಗಾಗಿ ಕಾಯಬಲ್ಲ ಗಿಡಗಳನ್ನು ಆರಿಸಿಕೋ. ಸಂಜೆ ಬಿರಿದು ಮರುದಿನವೇ ಬಾಡುವ ದತ್ತೂರಿ ನಿನ್ನಂಥವಳಿಗೆ ನಿರ್ದಯ. ಆದರೆ ಮಳೆನೆರಳಿನ ನಮ್ಮ ಸೀಮೆ ಬೆಳೆಸಿದ ಸಸ್ಯಗಳಲ್ಲಿ ಬಹುಪಾಲು ಅವಸರವನ್ನರಿಯದವು. ಶನಿವಾರ ಹನುಮಪ್ಪನ ಕೊರಳಿಗೇರುವ ಎಕ್ಕೆಯ ಹೂ ಬೇಗ ಬಾಡುವಂಥದಲ್ಲ. ಐದು ದಪ್ಪ ದಳಗಳ ನಡುವೆ ಎದ್ದು ನಿಂತ ಅದರ ಐದು ಏಣಿನ ಕಿರೀಟವನ್ನು ದಿನಕ್ಕೊಂದು ಏಣಿನಂತೆ ಬರೆದರೂ ನಡೆದೀತು (ಅದರ ಹಾಲು ಮಾತ್ರ ಕಣ್ಣಿಗೆ ತಾಗದಂತೆ ಜೋಕೆ). ಕಾಳುಕಾಳಿಗೂ ನಡು ಸಣ್ಣಗಾಗಿ ಜಪಸರದಂತೆ ತೋರುವ ಕರಿಜಾಲಿಯ ಕಾಯಿ, ಬನ್ನಿಯ ಒಣಗಿದ ಕೋಡು, ತಂಗಡಿಯ ಚಪ್ಪಟೆ ಕಾಯಿ, ಇವು ತಿಂಗಳುಗಟ್ಟಲೆ ಗೂಡಿನಲ್ಲಿದ್ದರೂ ತಮ್ಮ ರೂಪವನ್ನು ಕಳೆದುಕೊಳ್ಳವು. ತೇಲ್ಯಾ ರೋಗ ಬಂದು ಎಣ್ಣೆಯ ಚುಕ್ಕೆಯೆದ್ದ ದಾಳಿಂಬೆಯನ್ನು ರೈತನು ದುಃಖದಿಂದ ನೋಡುವನು; ನೀನು ಬರೆದರೆ ಅದೂ ಒಂದು ಶಾಸ್ತ್ರೀಯ ದಾಖಲೆಯಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನಿಗಾಗಿ ರಂಗಯ್ಯ, ಗೋವಿಂದು ಎಂಬಿಬ್ಬರು ಬರೆದ ಚಿತ್ರಗಳೂ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಬರೆದವೂ ಇಂದಿಗೂ ಬೆಲೆಯುಳ್ಳವಾಗಿರುವುದು ಅವುಗಳ ನಿಷ್ಠೆಯಿಂದ. ನಿನ್ನ ಹಾಳೆಯ ಕೆಳಗೂ ಗಿಡಕ್ಕೆ ನಿಮ್ಮೂರಿನಲ್ಲಿರುವ ಹೆಸರನ್ನೂ, ಕಿತ್ತ ಸ್ಥಳವನ್ನೂ, ತಾರೀಖನ್ನೂ ತಪ್ಪದೆ ಬರೆ.

ಇನ್ನು ಔಷಧದ ವಿಚಾರ, ಇದರಲ್ಲಿ ನನಗೆ ನಿನ್ನ ಮೇಲೆ ಸ್ವಲ್ಪ ಕೋಪವೇ ಇದೆ. ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊರುವುದನ್ನು ಬೇಡವೆನ್ನೆನು. ಆದರೆ ನೋವು ತಪಸ್ಸೆಂದೂ, ನೋವಿಲ್ಲದೆ ಕಲೆಯಿಲ್ಲವೆಂದೂ ಉಪದೇಶಿಸುವವರು ಸಾಮಾನ್ಯವಾಗಿ ನೋವಿಲ್ಲದವರು. ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೋ, 1925ರ ಬಸ್ಸಿನ ಅಪಘಾತದ ಬಳಿಕ ಆಯುಷ್ಯವೆಲ್ಲ ನೋವುಂಡವಳು, 1943ರಲ್ಲಿ ತನ್ನ ಎದೆಯಿಂದಲೇ ಬಳ್ಳಿ ಹಬ್ಬಿ ಎಲೆಬಿಟ್ಟಂತೆ ಚಿತ್ರಿಸಿಕೊಂಡಳು, ನಿಜ. ಆಕೆ ಕೂಡ ಶಸ್ತ್ರಚಿಕಿತ್ಸೆಗಳನ್ನು ಒಂದಾದ ಮೇಲೊಂದರಂತೆ ಮಾಡಿಸಿಕೊಂಡಳೇ ಹೊರತು ವೈದ್ಯರನ್ನು ತೊರೆಯಲಿಲ್ಲ. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ರಾವುಲ್ ದ್ಯುಫಿಯ ಕೈಗಳನ್ನು ಸಂಧಿವಾತ ಕೆಡಿಸಿದಾಗ, 1950ರಲ್ಲಿ ಅವನು ಅಮೆರಿಕದ ಬಾಸ್ಟನ್ನಿಗೆ ಹೋಗಿ ಆಗ ಹೊಸದಾಗಿದ್ದ ಕಾರ್ಟಿಸೋನನ್ನು ತೆಗೆದುಕೊಂಡು ಮರಳಿ ಕುಂಚ ಹಿಡಿದನು. ಹೂಗೊಂಚಲಿನ ಚಿತ್ರವೊಂದಕ್ಕೆ ಆ ಔಷಧದ ಹೆಸರನ್ನೇ ಇಟ್ಟನು. ಆ ಔಷಧಕ್ಕೆ ಅಪಾಯಗಳೂ ಇದ್ದವು, ಅವನು 1953ರಲ್ಲಿ ತೀರಿಕೊಂಡನು. ಆದರೆ ಕೀಲುಗಳು ಕೆಡುವುದನ್ನೇ ತಡೆಹಿಡಿಯುವ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟಿನಂತಹ ಮದ್ದು ರೆನ್ವಾರನಿಗೂ ದೊರೆಯಲಿಲ್ಲ, ದ್ಯುಫಿಗೂ ದೊರೆಯಲಿಲ್ಲ, ನಿನಗೆ ದೊರೆಯುತ್ತದೆ. ಗುಳಿಗೆಯಿಂದ ತಲೆ ಮಂದವಾದರೆ ಆ ಸಂಗತಿಯನ್ನು ವೈದ್ಯರಿಗೇ ಹೇಳತಕ್ಕದ್ದು; ಪ್ರಮಾಣವನ್ನೋ ಮದ್ದನ್ನೋ ಬದಲಿಸುವುದು ಅವರ ಕೆಲಸ. ಒಮ್ಮೆ ಸೊಟ್ಟಗಾದ ಬೆರಳು ತಾನಾಗಿ ನೆಟ್ಟಗಾಗದು.

ಆದುದರಿಂದ ಈ ವಾರವೇ ಮನೆಯ ಯಾರನ್ನಾದರೂ ಕರೆದುಕೊಂಡು ವೈದ್ಯರನ್ನು ಕಾಣಲು ಮಿರಜಿನ ಬಸ್ಸು ಹತ್ತು. ವೈದ್ಯರು ಏನೆಂದರೆಂದು ನನಗೆ ಕಾಗದ ಬರೆ. ಕೈ ನೋಯುವ ದಿನವಾದರೆ ತಮ್ಮನ ಕೈಯಿಂದ ಬರೆಸು.

ಇತಿ ನಿನ್ನ ಹಿತಚಿಂತಕ.