ಅರ್ಧ ಬೆಂದ ಗೇಮ್, ಪೂರ್ತಿ ಬಿಲ್

ದೊಡ್ಡ ಕಂಪನಿಗಳ ಹೊಸ ಗೇಮ್ ಒಂದಕ್ಕೆ ಇಲ್ಲಿ ಈಗ ಸಾಮಾನ್ಯವಾಗಿ 89.99 ಡಾಲರ್. ಒಂಟಾರಿಯೊದ 13% ಎಚ್‌ಎಸ್‌ಟಿ ಸೇರಿದರೆ 101.69. ಪ್ರೆಸ್ಟೊ ಕಾರ್ಡ್ ತಟ್ಟಿ ಟಿಟಿಸಿ ಹತ್ತೋಕೆ ಒಂದು ಸಲಕ್ಕೆ 3.30 ಅಂತ ಹಿಡಿದರೆ, 15 ದಿನ ಕ್ಯಾಂಪಸ್‌ಗೆ ಹೋಗಿ ಬರುವ ದುಡ್ಡು. ಪ್ರತಿ ಬೆಲೆಯನ್ನೂ ಮನಸ್ಸಲ್ಲೇ ರೂಪಾಯಿಗೆ ಗುಣಿಸೋ ಚಟ ಇನ್ನೂ ಬಿಡದ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಅಷ್ಟು ಕೊಟ್ಟು ಒಳಗೆ ಹೋದರೆ ಅಲ್ಲೊಂದು ಅಂಗಡಿ ತೆರೆದಿರುತ್ತೆ. ಗೇಮ್ ನೋಡಿದರೆ ಇನ್ನೂ ಮುಗಿದೇ ಇರಲ್ಲ. ಎರಡಕ್ಕೂ ನಾವು ಸ್ವಲ್ಪ ಹೊತ್ತು ಗೊಣಗಿ ಸುಮ್ಮನಾಗ್ತೀವಿ. ಆದರೆ ಗ್ರಾಹಕರ ಕಾನೂನು ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ: ದುಡ್ಡು ತಗೊಳ್ಳೋ ಮುಂಚೆ ಏನು ಹೇಳಿದ್ರು, ಏನು ಮುಚ್ಚಿಟ್ರು?

ಒಳಗಿನ ಅಂಗಡಿಯ ಕಥೆ ಹಳೆಯದು. 2006ರಲ್ಲಿ ‘ಆಬ್ಲಿವಿಯನ್’ ಗೇಮ್‌ನಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಅಮೆರಿಕನ್ ಡಾಲರಿಗೆ ಮಾರಿದಾಗ ಜನ ನಕ್ಕಿದ್ದರು. ಎಕ್ಸ್‌ಬಾಕ್ಸ್‌ನಲ್ಲಿ ಅದರ ಬೆಲೆ ಡಾಲರಿನಲ್ಲಿ ಇರಲಿಲ್ಲ, 200 ಮೈಕ್ರೋಸಾಫ್ಟ್ ಪಾಯಿಂಟ್ ಅಂತಿತ್ತು. ಇಡೀ ವ್ಯಾಪಾರದ ಗುಟ್ಟು ಆ ಪಾಯಿಂಟ್‌ನಲ್ಲೇ ಇದೆ.

ರಾಜ್ಯೋತ್ಸವದ ಊಟದ ಸ್ಟಾಲ್ ನೆನಪು ಮಾಡಿಕೊಳ್ಳಿ. ಕೌಂಟರ್‌ನಲ್ಲಿ ಕೂಪನ್ ತಗೊಂಡ ಮೇಲೆ ಕೈಯಲ್ಲಿರೋದು ದುಡ್ಡು ಅನ್ನಿಸಲ್ಲ, ಚೀಟಿ ಅನ್ನಿಸುತ್ತೆ. ಮಸಾಲೆ ದೋಸೆ ಜೊತೆ ಮೈಸೂರ್ ಪಾಕೂ ಬಂದುಬಿಡುತ್ತೆ. ಸಂಘದವರು ಉಳಿದ ಕೂಪನ್ ವಾಪಸ್ ತಗೋತಾರೆ, ಗೇಮ್‌ನವರು ತಗೊಳ್ಳಲ್ಲ. ಒಂದು ಡ್ರೆಸ್‌ಗೆ 1200 ಕಾಯಿನ್, ಆದರೆ ಕಾಯಿನ್ ಸಿಗೋದು 10 ಡಾಲರಿಗೆ 1000ದ ಕಟ್ಟಿನಲ್ಲಿ ಮಾತ್ರ ಅಂತ ಇಟ್ಕೊಳ್ಳಿ. ಎರಡು ಕಟ್ಟು ತಗೊಳ್ಳಲೇಬೇಕು. ತೆರಿಗೆ ಸೇರಿ 22.60 ಹೋಯ್ತು, 800 ಕಾಯಿನ್ ಉಳೀತು. ‘12 ಡಾಲರಿನ ಡ್ರೆಸ್’ ಅಂತ ನಾವು ಅಂದುಕೊಂಡಿರ್ತೀವಿ, ಕಾರ್ಡಿನ ಸ್ಟೇಟ್‌ಮೆಂಟ್ ಬೇರೆ ಹೇಳುತ್ತೆ. ಆ 800 ಸುಮ್ಮನೆ ಕೊಳೀಬಾರದು ಅಂತ ಮತ್ತೆ ಇನ್ನೊಂದು ಕಟ್ಟು. ಇದು ಅಕಸ್ಮಾತ್ ಆದ ಲೆಕ್ಕ ಅಲ್ಲ, ಕೂತು ಮಾಡಿದ ವಿನ್ಯಾಸ ಅಂತಲೇ ನಮ್ಮ ಅಭಿಪ್ರಾಯ.

ಏನು ಸಿಗುತ್ತೆ ಅಂತಲೇ ಗೊತ್ತಿಲ್ಲದೆ ಕೊಳ್ಳುವ ಲೂಟ್ ಬಾಕ್ಸ್ ಇನ್ನೊಂದು ಹೆಜ್ಜೆ ಮುಂದೆ. ಇದು ಜೂಜೇ ಅಂತ 2018ರಲ್ಲಿ ಬೆಲ್ಜಿಯಂ ಹೇಳಿತು. ಕೆನಡಾದಲ್ಲಿ ಆ ವಾದ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ವಿರುದ್ಧದ ಮೊಕದ್ದಮೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಸುಪ್ರೀಂ ಕೋರ್ಟ್ 2023ರಲ್ಲಿ, ಗೇಮ್ ಒಳಗೆ ಗೆದ್ದ ವಸ್ತುವಿಗೆ ಹೊರಗೆ ಹಣದ ಬೆಲೆ ಇಲ್ಲ ಅನ್ನೋ ಕಾರಣಕ್ಕೆ ಜೂಜಿನ ವಾದವನ್ನು ಒಪ್ಪಲಿಲ್ಲ. ಆದರೆ ಗ್ರಾಹಕರಿಗೆ ಮೋಸವಾಗುವಂತೆ ಮಾರಿದ್ದಾರೆ ಅನ್ನೋ ವಾದವನ್ನು ತಳ್ಳಿಹಾಕಲಿಲ್ಲ. ಕ್ವಿಬೆಕ್‌ನಲ್ಲಿ ಪೋಷಕರು ‘ಫೋರ್ಟ್‌ನೈಟ್’ ವಿರುದ್ಧ ತಂದ ಸಾಮೂಹಿಕ ಮೊಕದ್ದಮೆಗೆ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಕೋರ್ಟ್ ಅನುಮತಿ ಕೊಟ್ಟಿತು. ಅದೇ ತಿಂಗಳು ಅಮೆರಿಕದಲ್ಲಿ ಆ ಗೇಮ್‌ನ ಎಪಿಕ್ ಕಂಪನಿ 52 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ, ಬಟನ್‌ಗಳ ಗೊಂದಲದಲ್ಲಿ ಬೇಡದ್ದನ್ನು ಕೊಂಡವರಿಗೆ ವಾಪಸ್ ಕೊಡೋಕೆ.

ಬೆಲೆಯನ್ನು ಒಡೆದು ತೋರಿಸೋದು ಗೇಮ್‌ನವರ ಸ್ವತ್ತೇನಲ್ಲ. ನಾವು ಕನ್ನಡ ಸಿನಿಮಾ ನೋಡೋಕೆ ಹೋಗುವ ಸಿನೆಪ್ಲೆಕ್ಸ್‌ಗೆ, ಆನ್‌ಲೈನ್ ಟಿಕೆಟ್ ಮೇಲೆ ಕೊನೆಗೆ ಸೇರಿಸುತ್ತಿದ್ದ 1.50 ಡಾಲರ್ ಶುಲ್ಕದ ವಿಷಯದಲ್ಲಿ, ಸ್ಪರ್ಧಾ ನ್ಯಾಯಮಂಡಳಿ 2024ರ ಸೆಪ್ಟೆಂಬರ್‌ನಲ್ಲಿ 3.89 ಕೋಟಿ ಡಾಲರ್ ದಂಡ ಹಾಕಿತು. ಚಿಲ್ಲರೆ ಅಂತ ಕಾನೂನು ಬಿಡಲಿಲ್ಲ, ನೋಡಿ.

ನಮ್ಮ ಒಂಟಾರಿಯೊದ ನಿಯಮದಲ್ಲಿ ಮಾತ್ರ ಒಂದು ಸಂದು ಇದೆ. 2002ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನ್‌ಲೈನ್ ಒಪ್ಪಂದದಲ್ಲಿ ಬೆಲೆ, ಷರತ್ತು ಎಲ್ಲ ಮೊದಲೇ ತೋರಿಸಬೇಕು, ಪ್ರತಿ ಕೊಡಬೇಕು. ಇಲ್ಲದಿದ್ದರೆ ಕೊಂಡವರು ರದ್ದು ಮಾಡಬಹುದು. ಆದರೆ ಇದು 50 ಡಾಲರ್ ಮೀರಿದ ಒಪ್ಪಂದಕ್ಕೆ ಮಾತ್ರ. ಹತ್ತು ಹತ್ತು ಡಾಲರಿನಂತೆ ಹತ್ತು ಸಲ ಕೊಟ್ಟರೆ ನೂರು ಹೋಗಿರುತ್ತೆ, ಒಂದು ಸಲವೂ ಆ ಗೆರೆ ದಾಟಿರಲ್ಲ. ಸಮಾಧಾನ ಅಂದರೆ, ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ಕೊಟ್ಟು ಮಾರಿದ್ದಕ್ಕೆ ಅದೇ ಕಾಯ್ದೆಯಲ್ಲಿ ಆ 50 ಡಾಲರಿನ ಗೆರೆ ಇಲ್ಲ. ಒಂದು ವರ್ಷದೊಳಗೆ ನೋಟಿಸ್ ಕೊಟ್ಟು ಒಪ್ಪಂದ ಬಿಡಬಹುದು. ‘ಕೋರ್ಟಿಗೆ ಹೋಗುವಂತಿಲ್ಲ, ಮಧ್ಯಸ್ಥಿಕೆ ಮಾತ್ರ’ ಅಂತ ಷರತ್ತು ಹಾಕಿದ್ದರೂ ಒಂಟಾರಿಯೊದ ಗ್ರಾಹಕರನ್ನು ಅದು ತಡೆಯೋಕಾಗಲ್ಲ.

ಇನ್ನು ಮುಗಿಯದ ಗೇಮ್. ವಿಟಿಯುನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊ ದಿನ ಎಕ್ಸ್‌ಟರ್ನಲ್ ಎದುರಿಗೆ ಯಾವ ಬಟನ್ ಒತ್ತಬೇಕೋ ಅದನ್ನಷ್ಟೇ ಒತ್ತುತ್ತಿದ್ದೆವಲ್ಲ, ಟ್ರೇಲರ್ ಅಂದ್ರೆ ಅದೇ. ವ್ಯತ್ಯಾಸ ಇಷ್ಟೇ, ನಾವು ಮಾರ್ಕ್ಸ್ ಕೇಳಿದ್ವಿ, ಅವರು ಮುಂಗಡ ಕೇಳ್ತಾರೆ. ಡಿಸ್ಕ್ ಕಾಲದಲ್ಲಿ ಒಮ್ಮೆ ಅಚ್ಚಾದ ಮೇಲೆ ತಿದ್ದೋದು ಕಷ್ಟ, ಹಾಗಾಗಿ ಮುಗಿಸಲೇಬೇಕಿತ್ತು. ಈಗ ‘ಆಮೇಲೆ ಪ್ಯಾಚ್ ಕೊಡೋಣ’ ಅನ್ನೋ ಧೈರ್ಯ. ‘ಸೈಬರ್‌ಪಂಕ್ 2077’ ಬಿಡುಗಡೆಯಾಗಿದ್ದು 2020ರ ಡಿಸೆಂಬರ್ 10ಕ್ಕೆ. ಸುಮಾರು ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದು ದುಡ್ಡು ವಾಪಸ್ ಕೊಡೋಕೆ ಶುರು ಮಾಡಿತು. ಗೇಮ್ ಅಲ್ಲಿಗೆ ಮರಳಿದ್ದು ಮುಂದಿನ ಜೂನ್‌ನಲ್ಲಿ. ಅದಾದ್ರೂ ಕೊನೆಗೆ ಸರಿಹೋಯ್ತು. ಎಡ್ಮಂಟನ್‌ನ ಬಯೋವೇರ್ 2019ರಲ್ಲಿ ತಂದ ‘ಆಂಥಮ್’ಗೆ ಆ ಭಾಗ್ಯವೂ ಇಲ್ಲ. ಅದನ್ನು ಹೊಸದಾಗಿ ಕಟ್ಟುವ ಯೋಜನೆ 2021ರಲ್ಲಿ ನಿಂತಿತು, 2026ರ ಜನವರಿ 12ಕ್ಕೆ ಸರ್ವರೂ ನಿಂತಿತು. ಪೂರ್ತಿ ಆನ್‌ಲೈನ್ ಗೇಮ್ ಆದ್ದರಿಂದ ಡಿಸ್ಕ್ ಇಟ್ಟುಕೊಂಡವರ ಹತ್ತಿರ ಈಗಿರೋದು ಬರೀ ಪ್ಲಾಸ್ಟಿಕ್.

‘ಅರ್ಲಿ ಆಕ್ಸೆಸ್’ ಅಂತ ಬೋರ್ಡ್ ಹಾಕಿ ಮಾರುವವರ ಮೇಲೆ ನಮಗೆ ಅಷ್ಟು ಸಿಟ್ಟಿಲ್ಲ. ಮುಗಿದಿಲ್ಲ ಅಂತ ಹೇಳಿಯೇ ಮಾರ್ತಾರೆ. ಪ್ರೀ-ಆರ್ಡರ್ ಮಾತ್ರ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಡೌನ್‌ಲೋಡ್ ಆಗುವ ಪ್ರತಿಗಳು ಮುಗಿದುಹೋಗಲ್ಲ, ಕಾಯೋದರಿಂದ ನಷ್ಟವೇನು?

ವಾಪಸಾತಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಕೇಳದೆ ಕೊಡ್ತಾರೆ. ಪ್ಲೇಸ್ಟೇಷನ್‌ನಲ್ಲೂ 14 ದಿನವೇ, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು. ಗೇಮ್ ದೋಷವುಳ್ಳದ್ದು ಅಂತ ತೋರಿಸಿದರೆ ಮಾತು ಬೇರೆ. ಆದ್ದರಿಂದ ಕೊಂಡ ದಿನದ ರಸೀದಿ, ಸ್ಟೋರ್ ಪುಟದ ವಿವರಣೆ, ‘ಇದೆಲ್ಲ ಇರುತ್ತೆ’ ಅಂದ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಯಾಕಂದ್ರೆ ಆ ಪುಟವನ್ನು ಆಮೇಲೆ ಬದಲಾಯಿಸಬಹುದು. ಬ್ರಾಂಪ್ಟನ್, ಮಿಸಿಸಾಗಾದ ಅಕ್ಕ-ಭಾವನ ಮನೆಗೆ ಹೋದಾಗ ಮಕ್ಕಳ ಐಪ್ಯಾಡ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಹಾಕಿ ಬನ್ನಿ; ಎರಡು ನಿಮಿಷದ ಕೆಲಸ, ಕಾಫಿ ಆಗೋದರೊಳಗೆ ಮುಗಿಯುತ್ತೆ.